ಗ್ಯಾಮಾ ಕಿರಣ ಸ್ಫೋಟಗಳಲ್ಲಿ ಮಹಾಶಕ್ತಿಯ ಫೋಟಾನುಗಳು ಹುಟ್ಟುವ ಬಗೆ

2022ನೆಯ ಇಸವಿ ಅಕ್ಟೋಬರ್ 9ನೆಯ ತಾರೀಖು, ಭಾನುವಾರ. ಆ ದಿನ ಶೀಗಿ ಹುಣ್ಣಿಮೆ. ರೈತರು ಹೊಲದಲ್ಲಿ ಬೆಳೆದು ನಿಂತ ಪೈರನ್ನು ಪೂಜಿಸಿ ಭೂಮಿತಾಯಿಗೆ ಚರಗ ಚೆಲ್ಲುವ ಹಬ್ಬ. ಸಂಜೆ 6 ಗಂಟೆ 47 ನಿಮಿಷದ ಹೊತ್ತಿಗೆ ಹೊಸಪೇಟೆಯಲ್ಲಿ ಸೂರ್ಯನು ಮುಳುಗಿ ಮುಕ್ಕಾಲು ಗಂಟೆಯೂ ಕಳೆದಿರಲಿಲ್ಲ. ಪೂರ್ಣಚಂದ್ರನು ಪೂರ್ವದಲ್ಲಿ ಆಗತಾನೆ ಮೇಲೇರಿದ್ದನು. ಆ ಗಳಿಗೆಯಲ್ಲಿ ಯಾರಾದರೂ ಹಂಪಿಯ ಹೇಮಕೂಟದ ಬಂಡೆಯ ಮೇಲೆ ಅಂಗಾತ ಮಲಗಿ ನೆಟ್ಟಗೆ ಮೇಲಕ್ಕೆ ನೋಡಿದ್ದರೆ, ಅವರ ದೃಷ್ಟಿ ಅಭಿಜಿತ್ ಮತ್ತು ಶ್ರವಣ ನಕ್ಷತ್ರಗಳ ನಡುವಣ ಪ್ರದೇಶದತ್ತ ಹರಿಯುತ್ತಿತ್ತು. ಅಲ್ಲಿ ‘ಶರ’ ಎಂಬ ಒಂದು ಚಿಕ್ಕ ನಕ್ಷತ್ರಪುಂಜವಿದೆ. ಮನುಷ್ಯನು ಇದುವರೆಗೆ ಅಳೆದಿರುವ ಗ್ಯಾಮಾ ಕಿರಣ ಸ್ಫೋಟಗಳಲ್ಲೆಲ್ಲ ಅತ್ಯಂತ ಉಜ್ವಲವಾದುದು ಆ ದಿಕ್ಕಿನಿಂದ ಬಂದು ಸರಿಯಾಗಿ ಅದೇ ಸಮಯಕ್ಕೆ ಭೂಮಿಯನ್ನು ಮುಟ್ಟಿತು. ಲೆಕ್ಕ ಹಾಕಿ ನೋಡಿದರೆ, ಹೊಸಪೇಟೆಯವರ ನೆತ್ತಿಯಿಂದ ಅದು ಸುಮಾರು ಏಳು ಡಿಗ್ರಿಗಳಷ್ಟು ಮಾತ್ರ ಸರಿದಿತ್ತು. ತೋಳು ಚಾಚಿ ಹಿಡಿದ ಮುಷ್ಟಿಯ ಅಗಲಕ್ಕಿಂತಲೂ ಇದು ಕಡಮೆ.

ನೆಲದ ಮೇಲಿದ್ದವರ ಕಣ್ಣಿಗೆ ಏನೂ ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ. ಗ್ಯಾಮಾ ಕಿರಣಗಳು ಕಣ್ಣಿಗೆ ಗೋಚರವಲ್ಲ. ಅಲ್ಲದೆ ನಮ್ಮ ವಾಯುಮಂಡಲವು ಅವುಗಳನ್ನು ಮೇಲೆಯೇ ತಡೆದುಬಿಡುತ್ತದೆ. ಆದರೆ ಕೃತಕ ಉಪಗ್ರಹಗಳಲ್ಲಿನ ಉಪಕರಣಗಳು ಆ ಪ್ರವಾಹವನ್ನು ತಾಳಲಾರದೆ ಲೆಕ್ಕ ತಪ್ಪಿದುವು. ಸುಮಾರು 500 ಕಿಲೋಮೀಟರು ಎತ್ತರದಲ್ಲಿದ್ದ ಒಂದು ಉಪಗ್ರಹವು ಅಯಾನುಗೋಳದ ವಿದ್ಯುತ್ ಕ್ಷೇತ್ರವು ಇದರಿಂದ ಕದಲಿದುದನ್ನು ಅಳೆಯಿತು. ಈ ಕಿರಣಗಳು ಹೊರಟುದಾದರೋ ಸುಮಾರು 200 ಕೋಟಿ ವರ್ಷಗಳ ಹಿಂದೆ. ಅಷ್ಟು ದೂರದಿಂದ ಬಂದ ಬೆಳಕು ನಮ್ಮ ಆಕಾಶದ ಮೇಲ್ಪದರವನ್ನು ಅಲುಗಿಸಿತೆಂದರೆ ಅದರ ಪ್ರಭಾವವನ್ನು ಊಹಿಸಿಕೊಳ್ಳಬಹುದು.

ಇನ್ನೂ ಹೆಚ್ಚಿನ ಆಶ್ಚರ್ಯವಿರುವುದು ಆ ಬೆಳಕಿನ ಪ್ರಮಾಣದಲ್ಲಲ್ಲ, ಅದರ ಕೆಲವು ಕಣಗಳ ಶಕ್ತಿಯಲ್ಲಿ. ಅಂತಹ ಶಕ್ತಿಯನ್ನು ಆ ಕಣಗಳಿಗೆ ಕೊಟ್ಟವರು ಯಾರು, ಎಲ್ಲಿ, ಹೇಗೆ ಎಂಬುದೇ ಈ ಲೇಖನದ ವಿಷಯ.

ಬೆಳಕಿನ ಕಣದ ಶಕ್ತಿ

ಬೆಳಕು ಫೋಟಾನುಗಳೆಂಬ ಪೊಟ್ಟಣಗಳಾಗಿ ಬರುತ್ತದೆಂಬುದು ವಾಚಕರಿಗೆ ತಿಳಿದೇ ಇದೆ. ಫೋಟಾನಿನ ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟುಗಳಲ್ಲಿ ಅಳೆಯುವುದು ರೂಢಿ. ನಾವು ಕಾಣುವ ಬೆಳಕಿನ ಫೋಟಾನಿಗೆ ಸುಮಾರು ಎರಡು ಎಲೆಕ್ಟ್ರಾನ್ ವೋಲ್ಟುಗಳ ಶಕ್ತಿಯಿರುತ್ತದೆ. ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ತೆಗೆಯುವ ಕ್ಷ-ಕಿರಣದ ಫೋಟಾನಿಗೆ ಕೆಲವು ಹತ್ತು ಸಾವಿರ. ಸಾಮಾನ್ಯ ಗ್ಯಾಮಾ ಕಿರಣ ಸ್ಫೋಟದ ಹೆಚ್ಚಿನ ಫೋಟಾನುಗಳ ಶಕ್ತಿ ಕೆಲವು ಲಕ್ಷ ಎಲೆಕ್ಟ್ರಾನ್ ವೋಲ್ಟುಗಳ ಸುತ್ತಮುತ್ತ ಇರುತ್ತದೆ. ಆದರೆ ಆ ಹುಣ್ಣಿಮೆಯ ಸಂಜೆ ಬಂದ ಫೋಟಾನುಗಳಲ್ಲಿ ಕೆಲವಕ್ಕೆ ಇದ್ದ ಶಕ್ತಿ 13 ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟುಗಳವರೆಗೆ! ಎಂದರೆ ಕಣ್ಣಿಗೆ ಕಾಣುವ ಬೆಳಕಿನ ಫೋಟಾನಿನ ಶಕ್ತಿಯ ಸುಮಾರು ಆರು ಲಕ್ಷ ಕೋಟಿ ಪಟ್ಟು.

ಒಂದು ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟು ಎಂದರೆ ಹಾರುತ್ತಿರುವ ಒಂದು ಸೊಳ್ಳೆಯ ಚಲನಶಕ್ತಿಗೆ ಸರಿಸುಮಾರು ಸಮ. ಇಷ್ಟೆಯೇ ಎಂದು ನಗಬಾರದು. ಸೊಳ್ಳೆಯ ದೇಹದಲ್ಲಿ ಎಣಿಕೆಗೆ ಸಿಕ್ಕದಷ್ಟು ಪರಮಾಣುಗಳಿವೆ. ಅವೆಲ್ಲವೂ ಸೇರಿ ಹೊತ್ತ ಶಕ್ತಿಯನ್ನು ಇಲ್ಲಿ ತೂಕವೇ ಇಲ್ಲದ ಒಂದೇ ಒಂದು ಕಣವು ಹೊತ್ತು ತರುತ್ತದೆ.

ಸ್ಫೋಟದ ಸ್ವರೂಪ

ಈ ಸ್ಫೋಟಗಳು ಮೊದಲು ಕಂಡುಬಂದುದು ಬೇರೊಂದನ್ನು ಹುಡುಕುತ್ತಿದ್ದಾಗ. 1963ರಲ್ಲಿ ವಾಯುಮಂಡಲದಲ್ಲಿಯೂ ಅಂತರಿಕ್ಷದಲ್ಲಿಯೂ ಪರಮಾಣು ಅಸ್ತ್ರಗಳ ಪರೀಕ್ಷೆಯನ್ನು ನಿಷೇಧಿಸುವ ಒಪ್ಪಂದವಾಯಿತು. ಅದನ್ನು ಯಾರಾದರೂ ಕದ್ದು ಮುರಿಯುವರೋ ಎಂದು ಕಾಯಲು ಅಮೆರಿಕದವರು ‘ವೇಲಾ’ ಎಂಬ ಉಪಗ್ರಹಗಳನ್ನು ಹಾರಿಸಿದರು. 1967ರ ಜುಲೈ 2ರಂದು ಅವು ಗ್ಯಾಮಾ ಕಿರಣಗಳ ಒಂದು ಮಿಂಚನ್ನು ದಾಖಲಿಸಿದುವು; ಅದು ಬಾಂಬಿನದಾಗಿರಲಿಲ್ಲ. ಇಂತಹ ಹದಿನಾರು ಮಿಂಚುಗಳ ವರದಿ 1973ರಲ್ಲಿ ಪ್ರಕಟವಾಯಿತು. ಇವು ನಮ್ಮ ಆಕಾಶಗಂಗೆಯ ಆಚೆಗೆ, ಬಹುದೂರದ ಬ್ರಹ್ಮಾಂಡಗಳಲ್ಲಿ ನಡೆಯುತ್ತವೆಂಬುದು ಖಚಿತವಾಗಲು 1997ರವರೆಗೆ ಕಾಯಬೇಕಾಯಿತು.

ನಮ್ಮ ನಾಡಿನವರೂ ಈ ಶೋಧನೆಯಲ್ಲಿ ಹಿಂದೆ ಬಿದ್ದವರಲ್ಲ. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದವರು ಕಟ್ಟಿದ ‘ಸ್ರಾಸ್-ಸಿ2’ ಉಪಗ್ರಹವು 1994ರ ಮೇ 4ರಂದು ಮೇಲೇರಿತು. ಅದರಲ್ಲಿ ಇಂತಹ ಸ್ಫೋಟಗಳನ್ನು ಹಿಡಿಯುವ ಉಪಕರಣವೊಂದಿತ್ತು. 2015ರ ಸೆಪ್ಟೆಂಬರ್ 28ರಂದು ಹಾರಿದ ‘ಆಸ್ಟ್ರೋಸ್ಯಾಟ್’ ಉಪಗ್ರಹದ ಕ್ಷ-ಕಿರಣ ಉಪಕರಣವೊಂದನ್ನು ಅಕ್ಟೋಬರ್ 6ರಂದು ಚಾಲನೆಗೊಳಿಸಲಾಗಿ, ಅದೇ ದಿನವೇ ಅದು ಒಂದು ಸ್ಫೋಟವನ್ನು ಗುರುತಿಸಿತು. ಅಲ್ಲಿಂದ ಮುಂದಕ್ಕೆ ಅದು ಹಿಡಿದ ಸ್ಫೋಟಗಳ ಸಂಖ್ಯೆ ಐನೂರನ್ನು ದಾಟಿದೆ.

ಎರಡು ಸೆಕೆಂಡಿಗಿಂತ ಹೆಚ್ಚು ಕಾಲ ನಡೆಯುವ ಸ್ಫೋಟಗಳು ಬಹುಮಟ್ಟಿಗೆ ಭಾರಿ ನಕ್ಷತ್ರಗಳ ಮರಣದ ಚಿಹ್ನೆಗಳು. ಇಂಧನ ತೀರಿದ ಅಂತಹ ನಕ್ಷತ್ರದ ಗರ್ಭವು ತನ್ನ ಭಾರಕ್ಕೇ ಕುಸಿದು ಕಪ್ಪುಕುಳಿಯಾಗುತ್ತದೆ. ಒಳಕ್ಕೆ ಸುತ್ತುತ್ತ ಬೀಳುವ ದ್ರವ್ಯದ ಒಂದಂಶವು ಅಕ್ಷದ ಎರಡು ಕಡೆಗೂ ಧಾರೆಗಳಾಗಿ ಚಿಮ್ಮುತ್ತದೆ. ಆ ಧಾರೆಯ ವೇಗ ಬೆಳಕಿನ ವೇಗಕ್ಕಿಂತ ಕೂದಲೆಳೆಯಷ್ಟೇ ಕಡಮೆ. ಅದು ನಮ್ಮ ದಿಕ್ಕಿಗೆ ತಿರುಗಿದ್ದರೆ ಮಾತ್ರ ನಮಗೆ ಗ್ಯಾಮಾ ಸ್ಫೋಟ ಕಾಣುತ್ತದೆ.

‘ಧಾರೆ’ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ತುಂಗಭದ್ರಾ ಅಣೆಕಟ್ಟಿನ ಒಂದು ತೂಬಿನ ಮುಂದೆ ನಿಂತವನು ನೀರಿನ ರಭಸವನ್ನು ಅಳೆದು, ಕಟ್ಟೆಯ ಉದ್ದಕ್ಕೂ ಹೀಗೆಯೇ ನೀರು ನುಗ್ಗುತ್ತಿರಬೇಕೆಂದು ಗುಣಿಸಿದರೆ ಲೆಕ್ಕ ವಿಪರೀತವಾಗುತ್ತದೆ. ಹುಣ್ಣಿಮೆಯ ಸ್ಫೋಟವು ಎಲ್ಲ ದಿಕ್ಕಿಗೂ ಸಮನಾಗಿ ಬೆಳಗಿತೆಂದು ಭಾವಿಸಿದರೆ, ಹಲವು ಸೂರ್ಯರನ್ನು ಪೂರ್ತಿಯಾಗಿ ಶಕ್ತಿಯಾಗಿ ಕರಗಿಸಿದಷ್ಟು ಬೆಳಕು ಬೇಕಾಗುತ್ತದೆ. ಧಾರೆಯ ಅರ್ಧಕೋನ ಒಂದು ಡಿಗ್ರಿಗೂ ಕಡಮೆಯೆಂದು ತಿಳಿದಾಗ ಆ ಲೆಕ್ಕವು ಸುಮಾರು ಹತ್ತು ಸಾವಿರದಲ್ಲಿ ಒಂದು ಭಾಗಕ್ಕೆ ಇಳಿದು, ನಂಬತಕ್ಕ ಮಟ್ಟಕ್ಕೆ ಬರುತ್ತದೆ.

ಸ್ಫೋಟದ ಬೆಳಕಿನಲ್ಲಿ ಎರಡು ಘಟ್ಟಗಳುಂಟು. ಮೊದಲನೆಯದು ಧಾರೆಯ ಒಳಗಿನ ತಾಕಲಾಟದಿಂದ ಹುಟ್ಟುವ, ಕ್ಷಣಕ್ಷಣಕ್ಕೂ ಏರಿಳಿಯುವ ಮಿಂಚು. ಅನಂತರ ಧಾರೆಯು ಮುಂದೆ ಹೋಗಿ, ನಕ್ಷತ್ರದ ಸುತ್ತಣ ತೆಳುವಾದ ಅನಿಲಕ್ಕೆ ಡಿಕ್ಕಿ ಹೊಡೆದಾಗ ಹುಟ್ಟಿ, ದಿನಗಟ್ಟಲೆ ಮೆಲ್ಲಗೆ ಕುಂದುವ ಬೆಳಕು ಎರಡನೆಯದು. ಇದನ್ನು ಉತ್ತರಪ್ರಭೆ ಎನ್ನೋಣ. ನಮ್ಮ ಮಹಾಶಕ್ತಿಯ ಫೋಟಾನುಗಳು ಯಾವ ಘಟ್ಟದವು?

ನೀರಿನ ಕೊಳಗಳು ಹೇಳಿದ ಸಾಕ್ಷಿ

ಇಂತಹ ಫೋಟಾನುಗಳು ತೀರ ವಿರಳ. ಅವನ್ನು ಹಿಡಿಯಲು ಉಪಗ್ರಹದ ಸಣ್ಣ ಉಪಕರಣ ಸಾಲದು. ಆದರೆ ಮಹಾಶಕ್ತಿಯ ಫೋಟಾನು ವಾಯುಮಂಡಲಕ್ಕೆ ಬಡಿದಾಗ ಒಂದು ಎಲೆಕ್ಟ್ರಾನು ಮತ್ತು ಒಂದು ಪಾಸಿಟ್ರಾನು ಹುಟ್ಟುತ್ತವೆ. ಅವುಗಳಿಂದ ಮತ್ತೆ ಫೋಟಾನುಗಳು, ಅವುಗಳಿಂದ ಮತ್ತೆ ಕಣಗಳು. ಹೀಗೆ ಒಂದು ಕಣಗಳ ಮಳೆಯೇ ಸುರಿಯುತ್ತದೆ. ಗಾಳಿಯಲ್ಲಾಗಲಿ ನೀರಿನಲ್ಲಾಗಲಿ ಬೆಳಕು ಹರಿಯುವ ವೇಗಕ್ಕಿಂತ ಹೆಚ್ಚು ವೇಗವಾಗಿ ಈ ಕಣಗಳು ಧಾವಿಸಿದಾಗ ನೀಲಿ ಬಣ್ಣದ ಮಂದ ಬೆಳಕೊಂದು ಹೊಮ್ಮುತ್ತದೆ. 1934ರಲ್ಲಿ ಇದನ್ನು ಕಂಡುಹಿಡಿದ ರಷ್ಯದ ಚೆರೆಂಕೋವ್‌ನ ಹೆಸರೇ ಈ ಬೆಳಕಿಗೆ ನಿಂತಿದೆ.

ಗಾಳಿಯಲ್ಲಿ ಹುಟ್ಟುವ ಚೆರೆಂಕೋವ್ ಬೆಳಕನ್ನು ದೊಡ್ಡ ದರ್ಪಣಗಳಿಂದ ಹಿಡಿಯುವ ದೂರದರ್ಶಕಗಳಿವೆ. ಅವಕ್ಕೆ ಕತ್ತಲೆ ಬೇಕು. ಆ ದಿನವೋ ಹುಣ್ಣಿಮೆ! ಆಫ್ರಿಕದ ನಮೀಬಿಯದಲ್ಲಿರುವ ‘ಹೆಸ್’ ದೂರದರ್ಶಕಗಳು ಬೆಳುದಿಂಗಳ ಕಾರಣದಿಂದ ಎರಡು ದಿನಗಳಿಗೂ ಹೆಚ್ಚು ಕಾಲ ಸುಮ್ಮನಿರಬೇಕಾಯಿತು. ಅವು ಕಣ್ತೆರೆದಾಗ ಹೇಳತಕ್ಕ ಬೆಳಕೇನೂ ಉಳಿದಿರಲಿಲ್ಲ. ಆದರೆ ಚೀನಾದ ಸಿಚುವಾನ್ ಪ್ರಾಂತದಲ್ಲಿ 4410 ಮೀಟರು ಎತ್ತರದಲ್ಲಿರುವ ‘ಲಾಸೋ’ ವೀಕ್ಷಣಾಲಯಕ್ಕೆ ಚಂದ್ರನ ಭಯವಿಲ್ಲ. ಅಲ್ಲಿ 78,000 ಚದರ ಮೀಟರು ವಿಸ್ತಾರದ, ಬೆಳಕು ತೂರದಂತೆ ಮುಚ್ಚಿದ ನೀರಿನ ಕೊಳಗಳಿವೆ. ಕಣಗಳ ಮಳೆ ಆ ನೀರನ್ನು ಹೊಕ್ಕಾಗ ಹೊಳೆಯುವ ನೀಲಿ ಬೆಳಕನ್ನು ಕೊಳದ ತಳದ ಉಪಕರಣಗಳು ಎಣಿಸುತ್ತವೆ.

ನೀರೇ ಸಾಕಾದರೆ ನಮ್ಮ ತುಂಗಭದ್ರಾ ಜಲಾಶಯದಲ್ಲಿ ಏಕಾಗದು ಎಂದು ವಾಚಕರು ಕೇಳಬಹುದು. ನೀರಿಗೇನೂ ಕೊರತೆಯಿಲ್ಲ, ಕೊರತೆ ಎತ್ತರದ್ದು. ನಮ್ಮ ಮೇಲಿರುವ ಗಾಳಿಯ ಪದರವೆಲ್ಲ ಸೇರಿ ಸುಮಾರು 33 ಅಡಿ ನೀರಿನ ಪದರಕ್ಕೆ ಸಮ. ಸಮುದ್ರಮಟ್ಟದಿಂದ ಕೇವಲ 1633 ಅಡಿ ಎತ್ತರದಲ್ಲಿರುವ ಜಲಾಶಯವನ್ನು ಮುಟ್ಟುವ ಮೊದಲೇ ಆ ಕಣಗಳ ಮಳೆಯ ಬಹುಭಾಗ ಗಾಳಿಯಲ್ಲಿ ಇಂಗಿಹೋಗುತ್ತದೆ. ಲಾಸೋದ ಎತ್ತರದಲ್ಲಿ ಆ ಗಾಳಿಯ ಸುಮಾರು ಐದರಲ್ಲಿ ಎರಡು ಪಾಲು ಕೆಳಗೇ ಉಳಿದಿರುತ್ತದೆ. ಆದುದರಿಂದ ಮಳೆ ದಟ್ಟವಾಗಿದ್ದಾಗಲೇ ಕೊಳಕ್ಕೆ ಬೀಳುತ್ತದೆ.

ಆ ಕೊಳಗಳು ಮೊದಲ ಒಂದು ಗಂಟೆಯೊಳಗೆ 60,000ಕ್ಕೂ ಹೆಚ್ಚು ಮಹಾಶಕ್ತಿಯ ಫೋಟಾನುಗಳನ್ನು ಎಣಿಸಿದುವು. ಅವುಗಳ ಏರಿಳಿತವು ಪ್ರಶ್ನೆಗೆ ಉತ್ತರ ಕೊಟ್ಟಿತು. ಉಪಗ್ರಹಗಳು ಕಂಡ ಮೊದಲ ಘಟ್ಟದ ಮಿಂಚು ಅಡ್ಡಾದಿಡ್ಡಿಯಾಗಿ ಏರಿಳಿಯುತ್ತಿದ್ದಾಗ, ಲಾಸೋ ಕಂಡ ಬೆಳಕು ಸುಮಾರು 226 ಸೆಕೆಂಡುಗಳ ಅನಂತರ ಹುಟ್ಟಿ, 18 ಸೆಕೆಂಡುಗಳಲ್ಲಿ ನಯವಾಗಿ ತುದಿಗೇರಿ, ನಯವಾಗಿಯೇ ಇಳಿಯಿತು. ಮಿಂಚಿನ ನಡುಕ ಅದರಲ್ಲಿರಲಿಲ್ಲ. ಆದುದರಿಂದ ಅದು ಉತ್ತರಪ್ರಭೆ. ಸ್ಫೋಟದ ಒಡಲಿನದಲ್ಲ, ಧಾರೆಯು ಹೊರಗಿನ ಅನಿಲಕ್ಕೆ ಡಿಕ್ಕಿ ಹೊಡೆದುದರ ಫಲ. ಇದು ಯುಕ್ತವೂ ಹೌದು. ಸ್ಫೋಟದ ಒಡಲಿನಲ್ಲಿ ಫೋಟಾನುಗಳ ಸಂದಣಿ ಎಷ್ಟಿರುತ್ತದೆಂದರೆ, ಅಲ್ಲಿ ಹುಟ್ಟುವ ಮಹಾಶಕ್ತಿಯ ಫೋಟಾನು ಇನ್ನೊಂದು ಫೋಟಾನಿಗೆ ತಾಕಿ, ಎರಡೂ ಅಳಿದು ಎಲೆಕ್ಟ್ರಾನು-ಪಾಸಿಟ್ರಾನುಗಳಾಗುವ ಸಂಭವವೇ ಹೆಚ್ಚು. ಸುಮಾರು 670 ಸೆಕೆಂಡುಗಳಾದ ಮೇಲೆ ಆ ಬೆಳಕು ಒಮ್ಮೆಲೇ ಹೆಚ್ಚು ಬೇಗ ಕುಂದತೊಡಗಿತು. ಧಾರೆಯು ಕಿರಿದೆಂದು ಮೇಲೆ ಹೇಳಿದೆವಲ್ಲ, ಅದನ್ನು ಲೆಕ್ಕ ಹಾಕಿದುದು ಈ ತಿರುವಿನಿಂದಲೇ. ಅರ್ಧಕೋನ ಸುಮಾರು 0.8 ಡಿಗ್ರಿ.

ತೂತಿನ ಕೊಡ

ಸ್ಥಳವೇನೋ ಗೊತ್ತಾಯಿತು, ಇನ್ನು ವಿಧಾನ. ಧಾರೆಯು ಅನಿಲಕ್ಕೆ ಡಿಕ್ಕಿ ಹೊಡೆದೆಡೆಯಲ್ಲಿ ಒಂದು ಆಘಾತ ತರಂಗ ಏಳುತ್ತದೆ. ಅದರ ಎರಡು ಪಕ್ಕದ ಕಾಂತಕ್ಷೇತ್ರಗಳು ಒಂದರತ್ತ ಒಂದು ಸರಿದುಬರುವ ಎರಡು ಗೋಡೆಗಳಂತೆ ವರ್ತಿಸುತ್ತವೆ. ನಡುವೆ ಸಿಕ್ಕ ಎಲೆಕ್ಟ್ರಾನು ಅತ್ತಿಂದಿತ್ತ ಪುಟಿದು, ಪ್ರತಿ ಪುಟಿತಕ್ಕೂ ಇಷ್ಟಿಷ್ಟು ಶಕ್ತಿಯನ್ನು ಗಳಿಸುತ್ತದೆ. ಈ ಕಲ್ಪನೆಯ ಮೂಲವನ್ನು 1949ರಲ್ಲಿ ಎನ್ರಿಕೊ ಫರ್ಮಿ ಒದಗಿಸಿದನು.

ಕಾಂತಕ್ಷೇತ್ರದಲ್ಲಿ ಬಳಸಿ ಸುತ್ತುವ ಎಲೆಕ್ಟ್ರಾನು ಬೆಳಕನ್ನು ಸೂಸುತ್ತದೆ. ಇದಕ್ಕೆ ಸಿಂಕ್ರೊಟ್ರಾನ್ ವಿಕಿರಣವೆಂದು ಹೆಸರು. ಉತ್ತರಪ್ರಭೆಯ ರೇಡಿಯೋ ಅಲೆಗಳು, ಕಣ್ಣಿಗೆ ಕಾಣುವ ಬೆಳಕು, ಕ್ಷ-ಕಿರಣ ಎಲ್ಲವೂ ಹೀಗೆ ಹುಟ್ಟಿದುವೆಂಬುದರಲ್ಲಿ ಸಂದೇಹವಿಲ್ಲ. ಹಾಗಾದರೆ ಎಲೆಕ್ಟ್ರಾನಿಗೆ ಇನ್ನಷ್ಟು ಶಕ್ತಿ ಕೊಟ್ಟರೆ ಮಹಾಶಕ್ತಿಯ ಫೋಟಾನುಗಳೂ ಇದೇ ದಾರಿಯಲ್ಲಿ ಬರಲಾರವೆ?

ಬರಲಾರವು. ತೂತು ಬಿದ್ದ ಕೊಡಕ್ಕೆ ನೀರು ಸುರಿಯುವುದನ್ನು ನೆನೆಯಿರಿ. ನೀರಿನ ಮಟ್ಟ ಏರಿದಷ್ಟೂ ಸೋರಿಕೆ ಜೋರಾಗಿ, ಸುರಿದಷ್ಟೂ ಸೋರುವ ಒಂದು ಮಟ್ಟದಲ್ಲಿ ನೀರು ನಿಂತುಬಿಡುತ್ತದೆ. ಎಲೆಕ್ಟ್ರಾನಿನ ಪಾಡೂ ಹೀಗೆಯೇ: ಶಕ್ತಿ ಏರಿದಷ್ಟೂ ಅದು ಬೆಳಕಾಗಿ ಸೋರುವುದು ಹೆಚ್ಚು. ಕಾಂತಕ್ಷೇತ್ರವನ್ನು ಬಲಪಡಿಸಿದರೆ ಗಳಿಕೆ ಬೇಗನಾಗುತ್ತದೆ. ಆದರೆ ಸೋರಿಕೆಯೂ ಬಲವಾಗುತ್ತದೆ. ಹೀಗಾಗಿ, ಕಾಂತಕ್ಷೇತ್ರ ಎಷ್ಟೇ ಇರಲಿ, ಈ ವಿಧಾನದ ಫೋಟಾನಿಗೆ ಒಂದು ಮೇರೆ ಏರ್ಪಡುತ್ತದೆ. ಧಾರೆಯ ವೇಗದಿಂದ ನಮಗೆ ಕಾಣುವ ಹೆಚ್ಚಳವನ್ನು ಸೇರಿಸಿದರೂ ಆ ಮೇರೆ ಕೆಲವು ಸಾವಿರ ಕೋಟಿ ಎಲೆಕ್ಟ್ರಾನ್ ವೋಲ್ಟುಗಳನ್ನು ದಾಟುವುದಿಲ್ಲ. ಲಕ್ಷ ಕೋಟಿಯ ಫೋಟಾನುಗಳಿಗೆ ಬೇರೆ ದಾರಿಯೇ ಬೇಕು.

ಲಾರಿಗೆ ಬಡಿದ ಚೆಂಡು

ಸಂಡೂರಿನ ಗಣಿಯಿಂದ ಅದಿರು ಹೊತ್ತು ವೇಗವಾಗಿ ಎದುರು ಬರುವ ಲಾರಿಯ ಮುಂಭಾಗಕ್ಕೆ ರಬ್ಬರಿನ ಚೆಂಡೊಂದನ್ನು ಮೆಲ್ಲಗೆ ಎಸೆದರೆ ಏನಾದೀತು? ಚೆಂಡು ಲಾರಿಗಿಂತಲೂ ಹೆಚ್ಚಿನ ವೇಗದಿಂದ ಸಿಡಿದು ಹಿಂದಿರುಗುತ್ತದೆ. ಲಾರಿಯ ಶಕ್ತಿಯ ಒಂದು ಪಾಲು ಚೆಂಡಿಗೆ ಬಂದಿರುತ್ತದೆ. ಇಲ್ಲಿ ಲಾರಿಯೇ ಎಲೆಕ್ಟ್ರಾನು, ಚೆಂಡೇ ಸಾಮಾನ್ಯ ಫೋಟಾನು. ಫೋಟಾನು ಎಲೆಕ್ಟ್ರಾನಿಗೆ ತಾಕಿ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದನ್ನು 1923ರಲ್ಲಿ ಎ. ಎಚ್. ಕಾಂಪ್ಟನ್ ತೋರಿಸಿಕೊಟ್ಟನು. ಇಲ್ಲಿ ನಡೆಯುವುದು ಅದರ ವಿಲೋಮ: ಫೋಟಾನು ಗಳಿಸುತ್ತದೆ, ಎಲೆಕ್ಟ್ರಾನು ಕಳೆದುಕೊಳ್ಳುತ್ತದೆ. ಎಲೆಕ್ಟ್ರಾನಿನ ಒಟ್ಟು ಶಕ್ತಿ ಅದರ ವಿಶ್ರಾಂತ ಶಕ್ತಿಯ ಸಾವಿರ ಪಟ್ಟಿದ್ದರೆ, ಫೋಟಾನಿನ ಶಕ್ತಿ ಸಾವಿರದ ವರ್ಗದಷ್ಟು, ಎಂದರೆ ಸುಮಾರು ಹತ್ತು ಲಕ್ಷ ಪಟ್ಟು ಏರುತ್ತದೆ.

ಆ ಚೆಂಡುಗಳನ್ನು ಎಸೆದವರಾರು? ವಿನೋದವಿರುವುದು ಇಲ್ಲಿಯೇ. ಎಲೆಕ್ಟ್ರಾನುಗಳು ತಾವೇ ಸೂಸಿದ ಸಿಂಕ್ರೊಟ್ರಾನ್ ಬೆಳಕು ಅಲ್ಲಿಯೇ ತುಂಬಿಕೊಂಡಿರುತ್ತದೆ. ಅದೇ ಬೆಳಕಿನ ಫೋಟಾನುಗಳಿಗೆ ಅವೇ ಎಲೆಕ್ಟ್ರಾನುಗಳು ಎರಡನೆಯ ಬಾರಿ ಬಡಿದು, ಅವನ್ನು ಮಹಾಶಕ್ತಿಗೆ ಎತ್ತುತ್ತವೆ.

ಈ ವಿವರಣೆ ನಿಜವಾದರೆ ಬೆಳಕಿನ ವರ್ಣಪಟಲದಲ್ಲಿ ಎರಡು ದಿಬ್ಬಗಳು ಕಾಣಬೇಕು: ಒಂದು ಮೂಲ ಬೆಳಕಿನದು, ಇನ್ನೊಂದು ಮೇಲೆತ್ತಿದ ಬೆಳಕಿನದು. 2019ರ ಜನವರಿ 14ರಂದು ಕಂಡ ಒಂದು ಸ್ಫೋಟದತ್ತ ಕ್ಯಾನರಿ ದ್ವೀಪಗಳ ‘ಮ್ಯಾಜಿಕ್’ ದೂರದರ್ಶಕಗಳು ಸುಮಾರು ಒಂದೇ ನಿಮಿಷದಲ್ಲಿ ತಿರುಗಿ, ಒಂದು ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟುಗಳವರೆಗಿನ ಫೋಟಾನುಗಳನ್ನು ಹಿಡಿದುವು. ಉಪಗ್ರಹಗಳ ಅಳತೆಗಳನ್ನು ಅದರ ಜೊತೆಗಿಟ್ಟು ನೋಡಿದಾಗ ಎರಡನೆಯ ದಿಬ್ಬವು ಬೇರೆಯಾಗಿಯೇ ಎದ್ದು ಕಂಡಿತು. ತೂತಿನ ಕೊಡದ ಮೇರೆಯನ್ನು ಮೀರಿದ ಬೆಳಕಿಗೆ ವಿಲೋಮ ಕಾಂಪ್ಟನ್ ಕ್ರಿಯೆಯೇ ಕಾರಣವೆಂಬ ಅಭಿಪ್ರಾಯಕ್ಕೆ ಇದು ಬಲವಾದ ಆಧಾರ.

ಉಳಿದಿರುವ ತೊಡಕು

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅದೇ 2019ರ ಆಗಸ್ಟ್ 29ರಂದು, ಸುಮಾರು ನೂರು ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ನಡೆದ ಒಂದು ಸ್ಫೋಟವನ್ನು ಹೆಸ್ ದೂರದರ್ಶಕಗಳು ಮೂರು ರಾತ್ರಿ ಹಿಂಬಾಲಿಸಿದುವು. ಅದರ ಕ್ಷ-ಕಿರಣವೂ ಮಹಾಶಕ್ತಿಯ ಬೆಳಕೂ ಒಂದೇ ತಾಯಿಯ ಮಕ್ಕಳಂತೆ ಒಂದೇ ಇಳಿಜಾರಿನಲ್ಲಿ, ಒಂದೇ ರೀತಿಯಲ್ಲಿ ಕುಂದಿದುವು. ಎರಡನೆಯ ದಿಬ್ಬದ ಗುರುತು ಸ್ಪಷ್ಟವಾಗಲಿಲ್ಲ. ಅಲ್ಲಿ ಕೊಡದ ಮೇರೆಯನ್ನೇ ಪ್ರಕೃತಿ ಹೇಗೋ ಮೀರಿದೆಯೆ?

ಹುಣ್ಣಿಮೆಯ ಸ್ಫೋಟದಲ್ಲಿಯೂ ತೊಡಕುಂಟು. ಫೋಟಾನಿನ ಶಕ್ತಿ ತೀರ ಹೆಚ್ಚಾದಾಗ ಎಲೆಕ್ಟ್ರಾನಿನೊಡನೆ ಅದರ ತಾಕಲಾಟವೇ ವಿರಳವಾಗುತ್ತದೆಂದು ಕ್ಲೈನ್ ಮತ್ತು ನಿಶಿನಾ ಎಂಬ ವಿಜ್ಞಾನಿಗಳು ಬಹು ಹಿಂದೆಯೇ ಗಣಿಸಿದ್ದರು. ಆದುದರಿಂದ ಮಹಾಶಕ್ತಿಯ ತುದಿಯಲ್ಲಿ ಬೆಳಕು ಬೇಗ ಕ್ಷೀಣಿಸಬೇಕು. ಜೊತೆಗೆ, ನಕ್ಷತ್ರಗಳೂ ಧೂಳೂ ಸೂಸಿದ ಅವಕೆಂಪು ಬೆಳಕು ವಿಶ್ವದ ತುಂಬ ಮಂಜಿನಂತೆ ಹರಡಿದೆ. 200 ಕೋಟಿ ವರ್ಷ ಅದರ ನಡುವೆ ಹಾಯ್ದು ಬರುವ ಮಹಾಶಕ್ತಿಯ ಫೋಟಾನುಗಳಲ್ಲಿ ಹೆಚ್ಚಿನವು ಆ ಬೆಳಕಿಗೆ ತಾಕಿ ದಾರಿಯಲ್ಲೇ ಅಳಿಯುತ್ತವೆ. ಹೀಗಿದ್ದೂ ಲಾಸೋ ಮೂರು ಲಕ್ಷ ಕೋಟಿಗೂ ಮೇಲ್ಪಟ್ಟ 140ಕ್ಕೂ ಹೆಚ್ಚು ಫೋಟಾನುಗಳನ್ನು ಕಂಡಿತು. ಅವು ನಿರೀಕ್ಷಿಸಿದಷ್ಟು ಕ್ಷೀಣಿಸಿರಲಿಲ್ಲ. ವಿಶ್ವದ ಮಂಜು ನಾವೆಣಿಸಿದುದಕ್ಕಿಂತ ತೆಳುವಾಗಿರಬಹುದೆ? ಎಲೆಕ್ಟ್ರಾನುಗಳ ಜೊತೆಗೆ ಪ್ರೋಟಾನುಗಳೂ ಕೈಹಾಕಿರಬಹುದೆ? ಪ್ರೋಟಾನುಗಳ ಕೈವಾಡವಿದ್ದರೆ ನ್ಯೂಟ್ರಿನೋಗಳೂ ಹುಟ್ಟಬೇಕು. ದಕ್ಷಿಣ ಧ್ರುವದ ಹಿಮದಲ್ಲಿರುವ ‘ಐಸ್‌ಕ್ಯೂಬ್’ ಉಪಕರಣಕ್ಕೆ ಈ ಸ್ಫೋಟದಿಂದ ಒಂದೂ ಸಿಕ್ಕಲಿಲ್ಲ. ಹೊಸ ಕಣಗಳನ್ನೇ ಕಲ್ಪಿಸಿದವರೂ ಉಂಟು.

ಇದು ಬರಿಯ ಸ್ಫೋಟದ ಪ್ರಶ್ನೆಯಲ್ಲವೆಂಬುದನ್ನು ಗಮನಿಸಬೇಕು. ಫೋಟಾನುಗಳು ಹುಟ್ಟಿದ ಬಗೆಯನ್ನು ನಾವು ತಪ್ಪಾಗಿ ತಿಳಿದರೆ, ಅವು ದಾಟಿ ಬಂದ ವಿಶ್ವವನ್ನೂ ತಪ್ಪಾಗಿ ಅಳೆಯುತ್ತೇವೆ. ದೀಪ ಎಷ್ಟು ಉರಿಯುತ್ತಿತ್ತೆಂಬುದು ತಿಳಿಯದೆ, ನಡುವಣ ಮಂಜು ಎಷ್ಟು ದಟ್ಟವೆಂದು ಹೇಳಲಾದೀತೆ?

ಉತ್ತರ ದೊರೆಯಬೇಕಾದರೆ ಇಂತಹ ಸ್ಫೋಟಗಳನ್ನು ಇನ್ನೂ ಹೆಚ್ಚಾಗಿ, ಇನ್ನೂ ಬೇಗನೆ ನೋಡಬೇಕು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4270 ಮೀಟರು ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯೂ ಕೂಡಿ ಕಟ್ಟಿದ ‘ಹ್ಯಾಗರ್’ ಎಂಬ ಏಳು ದೂರದರ್ಶಕಗಳ ಸಮೂಹವು 2008ರಲ್ಲಿ ವೀಕ್ಷಣೆಗೆ ತೊಡಗಿತು. ಅದರ ಪಕ್ಕದಲ್ಲಿಯೇ ಭಾಭಾ ಪರಮಾಣು ಸಂಶೋಧನ ಕೇಂದ್ರದವರ 21 ಮೀಟರು ವ್ಯಾಸದ ‘ಮೇಸ್’ ದೂರದರ್ಶಕವು 2024ರ ಅಕ್ಟೋಬರ್ 4ರಂದು ಉದ್ಘಾಟನೆಗೊಂಡಿತು.

ಹಂಪಿಯ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಆ ಫೋಟಾನುಗಳು ಹೊರಟಾಗ ಈ ಬಂಡೆಗಳು ಆಗಲೇ ಹಳೆಯವಾಗಿದ್ದುವು. ಅಷ್ಟು ಕಾಲ ನಡೆದು ಬಂದ ಬೆಳಕು ಶೀಗಿ ಹುಣ್ಣಿಮೆಯ ಸಂಜೆ ಆ ಬಂಡೆಗಳ ನೇರಕ್ಕೇ ಬಂದು, ಅವನ್ನು ಮುಟ್ಟುವುದಕ್ಕೆ ಮೊದಲು ಮೇಲಣ ಗಾಳಿಯಲ್ಲಿ ಕೊನೆಗೊಂಡಿತು. ಅದರಲ್ಲಿ ಅರವತ್ತು ಸಾವಿರ ಕಣಗಳನ್ನಷ್ಟೇ, ಎಲ್ಲಿಯೋ ಒಂದು ಬೆಟ್ಟದ ಮೇಲಣ ಕೊಳದ ನೀರು ಮನುಷ್ಯನಿಗೆ ಎಣಿಸಿಕೊಟ್ಟಿತು. ನಮ್ಮ ತಿಳಿವಳಿಕೆಯೆಲ್ಲ ನಿಂತಿರುವುದು ಆ ಎಣಿಕೆಯ ಮೇಲೆ.